ಮೊಲದ ಚೀಟಿ

ನಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ನಾನು ಚೀಟಿ ಬರೆಯುತ್ತೇನೆ. ಡಾಕ್ಟರು ಎದೆಗೆ ಕೊಳವೆ ಇಟ್ಟಾಗ ಪ್ರಾಣಿ ಹೇಳುವ ಒಂದೇ ಒಂದು ಮಾತನ್ನು ಪರದೆಯ ಹಿಂದೆ ಕುಳಿತು ಕೇಳಿಸಿಕೊಂಡು, ಅಂಗೈಯಗಲದ ಕಾಗದದ ಮೇಲೆ ದುಂಡಗೆ ಬರೆದು, ಹೊರಗೆ ನಿಂತಿರುವ ಮನೆಯವರ ಕೈಗೆ ಕೊಡುವುದು ನನ್ನ ಕೆಲಸ. ಎತ್ತು ಗೊರಸಿನ ಸಂದಿಯಲ್ಲಿ ಮುಳ್ಳಿದೆ ಎನ್ನುತ್ತದೆ. ನಾಯಿ ಗಂಟಲಲ್ಲಿ ಉರಿ ಎನ್ನುತ್ತದೆ. ಮೇಕೆ ಮಾತ್ರ ತನ್ನ ನೋವು ಬಿಟ್ಟು ಪಕ್ಕದ ಮೇಕೆಯ ಮೇಲೆ ದೂರು ಹೇಳುತ್ತದೆ, ಅದನ್ನೂ ಬರೆಯಬೇಕು. ಜನ ಚೀಟಿಯನ್ನು ಮನೆಗೆ ಒಯ್ದು ಅನ್ನದ ಗಂಜಿ ಸವರಿ ಬಾಗಿಲಿಗೆ ಅಂಟಿಸುತ್ತಾರೆ. ನಮ್ಮ ಬೀದಿಗಳಲ್ಲಿ ನಡೆದರೆ ಬಾಗಿಲು ಬಾಗಿಲಿಗೂ ನನ್ನದೇ ಅಕ್ಷರ.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಈ ಕೆಲಸ ನನಗೆ ಹೊಂದಿಕೊಂಡದ್ದು ಪರದೆಯ ಕಾರಣಕ್ಕೆ. ಅದರ ಹಿಂದೆ ನಾನು ಯಾರಿಗೂ ಕಾಣುವುದಿಲ್ಲ, ನನಗೂ ಯಾರೂ ಕಾಣುವುದಿಲ್ಲ, ಕೇಳಿದರೆ ಸಾಕು. ಡಾಕ್ಟರುಗಳದ್ದೂ ಹೆಚ್ಚು ಕಡಿಮೆ ಹಾಗೆಯೇ. ಪ್ರಾಣಿ ಮಾತಾಡುವ ಮೊದಲು ಅದನ್ನು ಒತ್ತಿ ನೋಡುವುದು, ಬಾಯಿ ತೆರೆಯುವುದು ನಮ್ಮಲ್ಲಿ ಸಲ್ಲದು. ಬಾಗಿಲು ತಟ್ಟದೆ ಪರರ ಮನೆಗೆ ನುಗ್ಗಿದ ಹಾಗೆ ಅದು. ಆದ್ದರಿಂದ ಅವರ ಕಿವಿ ಬಲು ಸೂಕ್ಷ್ಮ, ಕೈಗೆ ಅಷ್ಟು ಅಭ್ಯಾಸವಿಲ್ಲ.

ಮೊಲ ಮಾತಾಡುವುದಿಲ್ಲ. ಐದು ನಿಮಿಷ ಕಾದು, ಡಾಕ್ಟರು ಕೊಳವೆ ತೆಗೆದ ಸದ್ದು ಕೇಳಿದ ಮೇಲೆ ನಾನು 'ಏನೂ ಹೇಳಿಲ್ಲ' ಎಂದು ಬರೆಯುತ್ತಿದ್ದೆ. ಹಾಗೆಂದರೆ ಆರೋಗ್ಯವಾಗಿದೆ ಎಂದು ಅರ್ಥ. ಜನ ಸಮಾಧಾನದಿಂದ ಹೋಗುತ್ತಿದ್ದರು. ಯಾವಾಗಲೂ ಅದೇ ಮಾತಾದ್ದರಿಂದ ಕೆಲಸ ಇಲ್ಲದ ಹೊತ್ತಿನಲ್ಲಿ ಮೊಲದ ಚೀಟಿಗಳನ್ನು ಮೊದಲೇ ಬರೆದು ರಬ್ಬರ್ ಹಾಕಿ ಇಟ್ಟುಕೊಳ್ಳುವುದನ್ನು ನಾನು ಸೇರಿದ ವರ್ಷವೇ ರೂಢಿ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಅವು ನನಗೆ ಪ್ರಿಯವಾದ ಚೀಟಿಗಳು. ಬೇಡಿಕೆಯಿಲ್ಲದ, ದೂರಿಲ್ಲದ ಜೀವ ಒಂದಿದೆ ಎಂದು ಅವುಗಳನ್ನು ಬರೆಯುವಾಗ ಅನ್ನಿಸುತ್ತಿತ್ತು. ಮೌನವೆಂದರೆ ನೆಮ್ಮದಿ ಎಂದೇ ನಾನು ತಿಳಿದಿದ್ದೆ.

ಮನೆಯಲ್ಲಿ ನಾನು ಮತ್ತು ಅಕ್ಕ ಕಮಲಾಕ್ಷಿ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನನ್ನನ್ನು ಓದಿಸಿದವಳು, ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಚೆಂಡು ಕೊಟ್ಟು ಹಿಸುಕಿಸಿದೆವು, ಎಣ್ಣೆ ಹಚ್ಚಿ ತಿಕ್ಕಿದೆವು, ಕೈ ಕೈಯಾಗಲಿಲ್ಲ. ಒಂದು ದಿನ ಬಾಲವಾಡಿಯ ಆಯಾ ನೋಡಲು ಬಂದವಳು ಒಂದು ಮೊಲದ ಮರಿ ತಂದು ಅಕ್ಕನ ತೊಡೆಯ ಮೇಲಿಟ್ಟಳು. ಕಂದುಬೂದು ಬಣ್ಣ. ಅದಕ್ಕೆ ಜೀರಿಗೆ ಎಂದು ನಾನೇ ಹೆಸರಿಟ್ಟೆ. ಮೂರು ವಾರ ಕಳೆದಿರಬೇಕು, ನಾನು ಕಾಫಿ ತಂದಾಗ ಅಕ್ಕನ ಬಲಗೈಯ ಬೆರಳುಗಳು ಜೀರಿಗೆಯ ಬೆನ್ನಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದವು. ಬೇರೆ ಯಾವುದರ ಮೇಲೂ ಆ ಕೈ ಅಲುಗುವುದಿಲ್ಲ. ಅವಳನ್ನು ನೋಡುವ ಡಾಕ್ಟರು, ಆ ಮೊಲವನ್ನು ಜೋಪಾನ ಮಾಡಿ, ಕೈ ಒಮ್ಮೆ ಮರೆತರೆ ಮತ್ತೆ ಕಲಿಯುವುದು ಕಷ್ಟ ಎಂದಿದ್ದರು.

ಆ ಭಾನುವಾರ ಬೆಳಿಗ್ಗೆ ಜೀರಿಗೆ ಅವಲಕ್ಕಿ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಹತ್ತಿರ ಹೋದರೆ ಹಲ್ಲು ಮಸೆಯುವ ಸಣ್ಣ ಸದ್ದು. ಗೋಣಿಚೀಲದ ಮೇಲೆ ಒಂದೂ ಹಿಕ್ಕೆ ಇರಲಿಲ್ಲ. ತೊಡೆಯ ಮೇಲಿಟ್ಟಾಗ ಅಕ್ಕನ ಕೈ ಒಂದು ಸಲ ಅದರ ಬೆನ್ನಿನ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಅಕ್ಕ ನನ್ನನ್ನು ನೋಡಿದಳು. ನಾನು ಬಿದಿರಿನ ಬುಟ್ಟಿಗೆ ಹಳೆಯ ಪಂಚೆ ಹಾಸಿ ಮೊಲವನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆ.

ಸೂಪರಿಂಟೆಂಡೆಂಟ್ ಫಣಿರಾಜರು ನಮ್ಮವನ ಮೊಲವೆಂದು ಐದರ ಬದಲು ಹತ್ತು ನಿಮಿಷ ಕೊಳವೆ ಇಟ್ಟರು. ಆಮೇಲೆ ಕಿರಿಯ ಡಾಕ್ಟರನ್ನೂ ಕರೆದು ಕೇಳಿಸಿದರು. ಪರದೆಯ ಹಿಂದೆ ಕೂತು ನಾನೂ ಕೇಳಿದೆ. ಏನೂ ಇರಲಿಲ್ಲ. ಕೊಳವೆ ತೆಗೆದ ಸದ್ದಾದ ಕೂಡಲೇ ನನ್ನ ಕೈ ತಾನಾಗಿಯೇ ರಬ್ಬರ್ ಸರಿಸಿ ಒಂದು ಚೀಟಿ ಎಳೆಯಿತು. ಎದ್ದು ಹೊರಗೆ ಬಂದು, ಮನೆಯವರು ನಿಲ್ಲುವ ಜಾಗದಲ್ಲಿ ನನ್ನ ಕೈಬರಹವನ್ನು ನಾನೇ ಹಿಡಿದು ನಿಂತೆ. ಅಲ್ಲಿ ನಿಂತು ಅದನ್ನು ಓದಿದ್ದು ಅದೇ ಮೊದಲು.

ಮೊಲದ ವಿಷಯ ಚೆನ್ನಾಗಿ ತಿಳಿದ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಫಣಿರಾಜರನ್ನು ಕೇಳಿದೆ. ಅವರು ಕೈ ತೊಳೆಯುತ್ತಿದ್ದರು. "ಮೊಲದ ಡಾಕ್ಟ್ರು ಅಂತ ಬೇರೆ ಇರ್ತಾರೇನಯ್ಯ?" ಎಂದರು. "ಅದು ಬಾಯಿ ಬಿಟ್ಟ ದಿನ ಕರ್ಕೊಂಡು ಬಾ. ನಾನೇ ನೋಡ್ತೀನಿ."

ಅರ್ಧ ದಿನ ರಜೆ ಬರೆದುಕೊಟ್ಟು ಬುಟ್ಟಿ ಹಿಡಿದು ಅಲೆದೆ. ಕುದುರೆ ಲಾಯದ ವೈದ್ಯರು ಬುಟ್ಟಿಯ ಮೇಲಿನ ಬಟ್ಟೆಯನ್ನೂ ಸರಿಸದೆ ಚೀಟಿ ನೋಡಿ ವಾಪಸು ಕೊಟ್ಟರು. ಮಾರುಕಟ್ಟೆಯ ಹತ್ತಿರ ನಾಯಿಗಳನ್ನು ನೋಡುವವರು, ನಾಯಿಗೆ ಕೊಡುವ ಔಷಧಿಯನ್ನೇ ಅರ್ಧ ಚಮಚ ಕುಡಿಸಿ, ನಾಳೆವರೆಗೆ ಉಪವಾಸ ಇರಲಿ ಎಂದರು. ಎರಡು ದಿನದಿಂದ ಉಪವಾಸ ಇರುವುದನ್ನು ಇನ್ನೆಷ್ಟು ಉಪವಾಸ ಇಡುವುದು ಎನ್ನಿಸಿ ಎದ್ದುಬಂದೆ. ಕೊನೆಗೆ ಗಿಳಿ, ಪಾರಿವಾಳ, ಮೊಲ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಇದು ಹೋದರೆ ಜೋಡಿಯನ್ನೇ ಕೊಡುತ್ತೇನೆ ಎಂದ. ನನ್ನ ಮುಖ ನೋಡಿ ಸ್ವಲ್ಪ ತಗ್ಗಿ, ತನ್ನ ಅಂಗಡಿಯಿಂದ ಹೋದ ಮೊಲಗಳಲ್ಲಿ ಒಂದೇ ಒಂದು ಒಂಬತ್ತು ವರ್ಷದಿಂದ ಬದುಕಿದೆ, ಅದು ಮಾಳಮ್ಮನ ಹಿಟ್ಟಿನ ಗಿರಣಿಯಲ್ಲಿದೆ, ಹೇಗೆ ಬದುಕಿತು ಎಂದು ಅವಳನ್ನೇ ಕೇಳಿ ಎಂದ.

ಮಾಳಮ್ಮನ ಗಿರಣಿ ನಮ್ಮ ಮನೆಗೆ ಮೂರು ಬೀದಿ ದೂರ. ಹನ್ನೊಂದು ವರ್ಷಗಳಿಂದ ನಾನು ರಾಗಿ ಬೀಸಿಸಲು ಕೆರೆಯ ಆಚೆ ದಡದ ಗಿರಣಿಗೆ ಹೋಗುತ್ತಿದ್ದೆ. ಯಾಕೆಂದು ಅಕ್ಕ ಮಾತು ಇದ್ದಾಗ ಎಷ್ಟೋ ಸಲ ಕೇಳಿದ್ದಳು. ಅಲ್ಲಿ ನಯವಾಗಿ ಬೀಸುತ್ತಾರೆ ಎನ್ನುತ್ತಿದ್ದೆ.

ಗಿರಣಿಯ ಬಾಗಿಲ ಮೇಲೆ ಒಂದೇ ಚೀಟಿ ಇತ್ತು. ಹಿಟ್ಟಿನ ಧೂಳು ಕೂತು, ಹಳದಿಯಾಗಿ, ಅಂಚು ಸುರುಟಿಕೊಂಡಿತ್ತು. 'ಏನೂ ಹೇಳಿಲ್ಲ.' ನನ್ನ ಅಕ್ಷರ ಆಗಲೂ ದುಂಡಗಿತ್ತು.

ಆ ಚೀಟಿ ಕೊಟ್ಟ ದಿನವನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಗ ಆಸ್ಪತ್ರೆಯಲ್ಲಿ ಇಂದುಮತಿ ಎಂಬ ಡಾಕ್ಟರು ಇದ್ದರು. ನನ್ನ ಹಾಗೆಯೇ ಹೊಸಬರು. ಮಾಳಮ್ಮ ನಾಲ್ಕು ದಿನದಿಂದ ತಿನ್ನದಿದ್ದ ತನ್ನ ಬಿಳಿ ಮೊಲ ರವೆಯನ್ನು ತಂದು, ಡಾಕ್ಟರ ಕೈಗೆ ಕೊಟ್ಟು, ನಿಯಮದಂತೆ ಹೊರಗೆ ಹೋಗಿ ನಿಂತಳು. ಐದು ನಿಮಿಷ ಕಳೆಯಿತು. ಕೊಳವೆ ತೆಗೆದ ಸದ್ದಾಯಿತು. ಆದರೆ ಡಾಕ್ಟರು ಮುಗಿಯಿತು ಎನ್ನಲಿಲ್ಲ. ಮೊಲವನ್ನು ಮುಟ್ಟಿ ನೋಡುತ್ತಿದ್ದಾರೆ ಎಂದು ಪರದೆಯ ಈಚೆಗೇ ನನಗೆ ಗೊತ್ತಾಯಿತು. ಆಗ ಒಂದು ದನಿ ಕೇಳಿತು. ಬಹಳ ತೆಳುವಾದ, ಹಳೆಯ ಕಾಗದ ಮಡಚಿದ ಹಾಗಿದ್ದ ದನಿ. "ಕೈ ತೆಗೀಬೇಡ" ಎಂದಿತು. ಅದರ ಬೆನ್ನಿಗೇ ಏನೋ ನೆಲಕ್ಕೆ ಬಿದ್ದ ಸದ್ದು, ಆಮೇಲೆ ಡಾಕ್ಟರು ಉಸಿರೆಳೆದುಕೊಂಡ ಸದ್ದು. ಮೊಲ ಸತ್ತಿತ್ತು.

ನನ್ನ ಕೈಯಲ್ಲಿ ಆಗಲೇ ಬರೆದ ಚೀಟಿ ಇತ್ತು. ಚೀಟಿಯ ಮೇಲೆ ಹೊಡೆದುಹಾಕಿ ಬರೆಯುವಂತಿಲ್ಲ. ಹೊಸದು ಬರೆದರೆ ಮೊದಲೇ ಬರೆದಿಟ್ಟುಕೊಳ್ಳುವುದು ಹೊರಬೀಳುತ್ತದೆ. ಮೊಲ ಮಾತಾಡಿತೆಂದರೆ ಜನ ನಗುತ್ತಾರೆ. ಇಷ್ಟನ್ನೂ ನಾನು ಯೋಚಿಸಿದೆನೋ ಇಲ್ಲವೋ, ಈಗ ನೆನಪಿಲ್ಲ. ಎದ್ದು ಹೋಗಿ ಮಾಳಮ್ಮನ ಕೈಗೆ ಚೀಟಿ ಕೊಟ್ಟೆ. ಆಸ್ಪತ್ರೆಯೊಳಗೆ ಬಾಗಿಲು ಮುಚ್ಚಿ ನಡೆದ ವಿಚಾರಣೆಯಲ್ಲಿ ಇಂದುಮತಿಯವರು ಮೊಲ ಮಾತಾಡಿತು ಎಂದರು. ಫಣಿರಾಜರು ಚೀಟಿ ತೋರಿಸಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಮಾತು ಬರುವ ಮೊದಲೇ ಪ್ರಾಣಿಯನ್ನು ಮುಟ್ಟಿದ ತಪ್ಪಿಗೆ ಅವರನ್ನು ಕೆಲಸದಿಂದ ತೆಗೆದರು.

ಮಾಳಮ್ಮ ಗಿರಣಿಯ ಪಟ್ಟಿ ನಿಲ್ಲಿಸದೆಯೇ ನನ್ನನ್ನು ನೋಡಿದಳು. ರೆಪ್ಪೆಯ ಮೇಲೆಲ್ಲ ಹಿಟ್ಟು. "ಚೀಟಿ ಸ್ವಾಮೇರಾ? ನಮ್ಮ ಗಿರಣಿ ದಾರಿ ಮರ್ತೇಹೋಗಿತ್ತೇನೋ ಅನ್ಕೊಂಡಿದ್ದೆ," ಎಂದು ಸದ್ದಿನ ಮೇಲೆ ಕೂಗಿ ಹೇಳಿದಳು. ನಾನು ಬುಟ್ಟಿ ತೆರೆದು, ಎರಡು ದಿನದಿಂದ ತಿಂದಿಲ್ಲ ಎಂದೆ. ಅವಳ ಮುಖದ ಗೇಲಿ ಇಳಿಯಿತು. ಜೀರಿಗೆಯ ಕಿವಿಯ ಬುಡ ಮುಟ್ಟಿ ನೋಡಿ, ತಣ್ಣಗಿದೆ ಎಂದಳು. ಹಿಟ್ಟಿನ ಮೂಟೆಗಳ ಹಿಂದಿನಿಂದ ಒಂದು ಮುದಿ ಮೊಲ ನಿಧಾನವಾಗಿ ಹೊರಬಂದು ನಮ್ಮಿಬ್ಬರನ್ನೂ ನೋಡಿತು. ಅದರ ಹೆಸರು ತೌಡು. ಅದನ್ನು ಇಷ್ಟು ವರ್ಷ ಕಾಪಾಡಿದವರು ಯಾರೆಂದು ಅವಳೇ ಹೇಳಿದಳು.

"ಹಳೇ ಬಣ್ಣದ ಕಾರ್ಖಾನೆ ಹಿಂದೆ, ನೀರಿನ ಟ್ಯಾಂಕ್ ಪಕ್ಕದ ಮನೆ. ಬಾಗ್ಲ ಮೇಲೆ ಒಂದೂ ಚೀಟಿ ಇರಾಕಿಲ್ಲ, ಅದೇ ಗುರುತು. ಇಂದುಮತಮ್ಮ ನಿಮಗೂ ಗೊತ್ತಿರೋರೇ." ನಾನು ನಿಂತೇ ಇದ್ದೆ. "ರವೆಗೆ ನಾಕು ದಿನ ಆಗಿತ್ತು," ಎಂದಳು. "ನಿಮ್ದಕ್ಕೆ ಎರಡೇ ಅಂತೀರಿ. ನಾಚ್ಕೆ ಪಡಾದಿದ್ರೆ ನಾಳೆ ಪಡ್ಕೊಳಿ, ಈಗ ನಡೀರಿ."

ಚೀಟಿಯಿಲ್ಲದ ಬಾಗಿಲು ನಮ್ಮ ಊರಲ್ಲಿ ಬೆತ್ತಲೆಯಾಗಿ ಕಾಣುತ್ತದೆ. ತಟ್ಟಿದೆ. ಇಂದುಮತಿಯವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಳದ ತೊಟ್ಟಿಯಲ್ಲಿ ಚಿಪ್ಪು ಒಡೆದ ಆಮೆ, ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಕಡೆ ವಾಲಿ ಈಜುವ ಮೀನು, ಒಂದು ಕೋಳಿ. ಮಾತಾಡದ ಪ್ರಾಣಿಗಳನ್ನು ಜನ ಸಂಜೆಯ ಹೊತ್ತಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಇವರ ಹತ್ತಿರ ತರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಅವರು ನನ್ನನ್ನು ನೋಡಿ, "ಪರದೆ ಹಿಂದಿನವರು," ಎಂದಷ್ಟೇ ಅಂದು ಬುಟ್ಟಿಗೆ ಕೈ ಚಾಚಿದರು.

ಅವರು ಕೊಳವೆ ತೆಗೆದುಕೊಳ್ಳಲೇ ಇಲ್ಲ. ನೆಲದ ಮೇಲೆ ಕಂಬಳಿ ಹಾಸಿ, ತಾವೂ ಕೂತು, ಮೊಲವನ್ನು ಮಡಿಲಿಗೆ ಒತ್ತಿಕೊಂಡು ಹೊಟ್ಟೆಯ ಮೇಲೆ ಬೆರಳಿಟ್ಟರು. ಮೊಲವನ್ನು ಎಂದೂ ಮೇಜಿನ ಮೇಲೆ ಇಡಬಾರದು ಎಂದರು. ಆಮೇಲೆ ನನ್ನನ್ನು ಕೇಳಲು ಶುರುಮಾಡಿದರು. ಕೊನೆಯ ಸಲ ತಿಂದದ್ದು ಯಾವಾಗ, ಏನನ್ನು ತಿಂದಿತು, ಯಾವ ಕಡೆಯ ಹಲ್ಲಿನಿಂದ ಅಗಿಯುತ್ತಿತ್ತು, ಹಿಕ್ಕೆ ಸಣ್ಣದಾದದ್ದು ಯಾವತ್ತಿನಿಂದ, ಗದ್ದದ ಕೆಳಗೆ ಒದ್ದೆಯಾಗಿದ್ದನ್ನು ನೋಡಿದಿರಾ. ಒಂದು ಪ್ರಾಣಿಯ ಬಗ್ಗೆ ಇಷ್ಟು ಪ್ರಶ್ನೆಗಳನ್ನು ಮನುಷ್ಯನಿಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಲಕ್ಕಿ, ಬ್ರೆಡ್ಡು, ಬಿಸ್ಕತ್ತು ಕೊಡುತ್ತಿದ್ದೆ ಎಂದಾಗ ಅವರು ಕಣ್ಣು ಮುಚ್ಚಿ ತೆರೆದರು. ಮೊಲದ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ ಎಂದರು. ನೋವಿಗೆ ಒಂದು ಸಣ್ಣ ಸೂಜಿ ಹಾಕಿ, ಮಂಪರು ಬರಿಸಿ, ಪುಟ್ಟ ದೀಪ ಹಿಡಿದು ಬಾಯೊಳಗೆ ನೋಡಿದರು. ದವಡೆಯ ಹಿಂದಿನ ಹಲ್ಲೊಂದು ಮುಳ್ಳಿನ ಹಾಗೆ ಒಳಕ್ಕೆ ಬೆಳೆದು ನಾಲಿಗೆಯನ್ನು ಕೊರೆದಿತ್ತು.

"ತಿನ್ನೋಕೆ ಆಸೆ ಇದೆ, ಆಗ್ತಿಲ್ಲ. ತಿನ್ನದಿದ್ರೆ ಹೊಟ್ಟೆ ನಿಲ್ಲುತ್ತೆ, ಹೊಟ್ಟೆ ನಿಂತ್ರೆ ಮೊಲ ಉಳಿಯಲ್ಲ," ಎಂದರು. "ಇದು ಹೇಳ್ಕೊಳ್ಳೋ ಜಾತಿ ಅಲ್ಲ. ನೋವನ್ನ ಕೊನೇವರೆಗೂ ಮುಚ್ಚಿಟ್ಕೊಳ್ಳುತ್ತೆ. ಮೊಲ ಮಾತಾಡಿದ್ರೆ ಆಮೇಲೆ ಮಾಡೋಕೆ ಹೆಚ್ಚೇನೂ ಉಳಿದಿರಲ್ಲ. ಅದಕ್ಕೆ ಮುಂಚೆ ಬಂದಿದೀರಿ."

ಹಲ್ಲನ್ನು ಅರದಿಂದ ಉಜ್ಜುವಾಗ ಮೊಲವನ್ನು ಹಿಡಿದುಕೊಳ್ಳಲು ನನಗೆ ಹೇಳಿದರು. ನನಗೆ ಹಿಡಿಯಲು ಬರುತ್ತಿರಲಿಲ್ಲ. ಅವರು ನನ್ನ ಒಂದು ಕೈಯನ್ನು ಅದರ ಎದೆಯ ಕೆಳಗೆ, ಇನ್ನೊಂದನ್ನು ಹಿಂಭಾಗದ ಮೇಲೆ ತಾವೇ ಒಯ್ದು ಇಟ್ಟು ಒತ್ತಿದರು. ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ನಾನು ಒಂದು ಪ್ರಾಣಿಯನ್ನೂ ಮುಟ್ಟಿರಲಿಲ್ಲ. ಅರದ ಸದ್ದು ನಿಂತ ಮೇಲೆ, ಕೈ ಹಾಗೆಯೇ ಇಟ್ಟುಕೊಂಡು, ತಲೆ ಎತ್ತದೆ, ಆ ದಿನ ನನಗೂ ಕೇಳಿಸಿತ್ತು ಎಂದು ಹೇಳಿದೆ. ಕೈಯಲ್ಲಿ ಮೊದಲೇ ಬರೆದ ಚೀಟಿ ಇತ್ತು ಎಂದೂ ಹೇಳಿದೆ. ನನ್ನಿಂದ ನಿಮ್ಮ ಬದುಕು ಹಾಳಾಯಿತು ಎಂದೆ.

ಅವರು ಅರವನ್ನು ಒರೆಸಿ ಡಬ್ಬಿಗೆ ಹಾಕಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಮೌನವನ್ನು ಇಷ್ಟಪಡುತ್ತಿದ್ದ ನನಗೆ ಆ ಮೌನ ತಡೆಯಲಾಗಲಿಲ್ಲ.

"ಕೈ ತೆಗೀಬೇಡ ಅಂತು," ಎಂದರು. "ನಾನು ತೆಗೆದೆ. ಮೊಲ ಮಾತಾಡಿದ್ದು ಕೇಳಿ ಬೆಚ್ಚಿಬಿದ್ದು ಎರಡೂ ಕೈ ತೆಗೆದುಬಿಟ್ಟೆ. ಅದು ಮೇಜಿನಿಂದ ಹಾರಿ ಬಿದ್ದು ಬೆನ್ನು ಮುರೀತು. ನೀವು ಅದು ಹೇಳಿದ್ದನ್ನ ಬರೆದಿದ್ರೆ, ಮತ್ತೆ ಕೈ ಯಾಕೆ ತೆಗೆದೆ ಅಂತ ಅವರು ಕೇಳ್ತಿದ್ರು. ನೀವು ಬರೀಲಿಲ್ಲ, ಅವರು ಕೇಳಲಿಲ್ಲ. ಒಂದು ರೀತೀಲಿ ನನಗೂ ಅನುಕೂಲವೇ ಆಯ್ತು."

ಆ ಸದ್ದು ಏನೆಂದು ನನಗೆ ಆಗ ತಿಳಿಯಿತು. ಪರದೆಯ ಹಿಂದೆ ಕೂತವನಿಗೆ ಬಿದ್ದ ಸದ್ದು ಮಾತ್ರ ಕೇಳುತ್ತದೆ. ಮಾಳಮ್ಮನಿಗೆ ಗೊತ್ತೇ ಎಂದು ಕೇಳಿದೆ. ಕೈ ತೆಗೆದದ್ದನ್ನು ಆ ವಾರವೇ ಹೋಗಿ ಹೇಳಿದ್ದರಂತೆ. ಮಾಳಮ್ಮ ಎರಡು ವರ್ಷ ಇವರ ಮುಖ ನೋಡಿರಲಿಲ್ಲ. ಕೊನೆಗೆ ಒಂದು ಸಂಜೆ ಆಗಿನ್ನೂ ಮರಿಯಾಗಿದ್ದ ತೌಡನ್ನು ಎತ್ತಿಕೊಂಡು ಬಂದು, ಇದನ್ನಾದರೂ ಸರಿಯಾಗಿ ಹಿಡಿಯಿರಿ ಎಂದಿದ್ದಳಂತೆ. ಆದರೆ ಮೊಲ ಆಡಿದ ಮಾತನ್ನು ಮಾತ್ರ ಹೇಳಿರಲಿಲ್ಲ. ಚೀಟಿಯೇ ಇಲ್ಲದ ಮಾತನ್ನು ಹೇಳಿದರೆ ತಾವು ಕಟ್ಟಿದ್ದು ಎಂದುಕೊಳ್ಳುತ್ತಾಳೆ ಎಂದು.

ಈಗ ನಾನು ಆ ಮಾತನ್ನು ಚೀಟಿಯಲ್ಲಿ ಬರೆದರೆ ಕೈ ತೆಗೆದ ವಿಷಯವೂ ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂದೆ. "ಆಗ್ಲಿ," ಎಂದರು. "ಆ ಚೀಟಿ ನಂದಲ್ಲ, ನಿಮ್ದೂ ಅಲ್ಲ. ಮಾಳಮ್ಮನದು." ಆಮೇಲೆ ನನ್ನ ಕೈಯಿಂದ ಮೊಲವನ್ನು ತೆಗೆದುಕೊಂಡು, ಒಣಹುಲ್ಲನ್ನು ಪುಡಿಮಾಡಿ ನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಕುಡಿಸುವುದನ್ನು ತೋರಿಸಿಕೊಟ್ಟರು. ಮೂರು ಗಂಟೆಗೊಮ್ಮೆ ಕುಡಿಸಬೇಕು, ಬೆಚ್ಚಗಿಡಬೇಕು, ಹೊಟ್ಟೆಯನ್ನು ಹಗುರವಾಗಿ ನೀವುತ್ತಿರಬೇಕು. ಹಿಕ್ಕೆ ಹಾಕಿದರೆ ಗೆದ್ದ ಹಾಗೆ.

ಎರಡು ದಿನ ಆಸ್ಪತ್ರೆಗೆ ಹೋಗಲಿಲ್ಲ. ಕುಡಿಸುವುದು ನಾನು, ನೀವುವುದು ಅಕ್ಕ. ಅವಳ ಕೈ ಮೊದಲು ಸುಮ್ಮನೆ ಹೊಟ್ಟೆಯ ಮೇಲೆ ಕೂತಿರುತ್ತಿತ್ತು. ನಾನು ಅದರ ಮೇಲೆ ನನ್ನ ಕೈ ಇಟ್ಟು ತಿರುವುತ್ತಿದ್ದೆ. ಅವಳಿಗೆ ಎಲ್ಲಿ ನೋವು, ಯಾವ ಕಡೆಗೆ ಮಲಗಿದರೆ ಹಿತ, ಈ ಎರಡು ವರ್ಷದಲ್ಲಿ ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಅವಳು ಹೇಳಲಾರಳು, ಆದ್ದರಿಂದ ಏನೂ ಇಲ್ಲ ಎಂದು ಇದ್ದುಬಿಟ್ಟಿದ್ದೆ. ಮಂಗಳವಾರ ಮಧ್ಯಾಹ್ನ ದಿಂಬನ್ನು ಒಂದಿಷ್ಟು ಎಡಕ್ಕೆ ಸರಿಸಿ ನೋಡಿದೆ. ಅವಳ ಭುಜ ಇಳಿಯಿತು. ಅಷ್ಟಕ್ಕೇ ನನಗೆ ಅಳು ಬಂದು ಒಳಗೆ ಹೋದೆ.

ಬುಧವಾರ ನಾಲ್ಕರ ಬಿಸಿಲಲ್ಲಿ ನಾನು ಹಿತ್ತಲಿನಲ್ಲಿ ಸಿರಿಂಜು ತೊಳೆಯುತ್ತಿದ್ದಾಗ ಅಕ್ಕ ಕುರ್ಚಿಯ ಕೈಯನ್ನು ಎಡಗೈಯಿಂದ ಬಡಿದಳು. ಓಡಿದೆ. ಅವಳು ಬಲಗೈಯನ್ನು ನನ್ನ ಕಡೆ ಚಾಚಿದ್ದಳು. ತೊಡೆಯಿಂದ ಒಂದು ಗೇಣು ಮೇಲಕ್ಕೆ, ಮೊಲದಿಂದ ದೂರಕ್ಕೆ, ಗಾಳಿಯಲ್ಲಿ. ಅಂಗೈಯಲ್ಲಿ ಕಾಳುಮೆಣಸಿನಷ್ಟು ದೊಡ್ಡ ಮೂರು ಹಿಕ್ಕೆಗಳು. ನಾನು ಎರಡೂ ಕೈಯೊಡ್ಡಿ ಅವನ್ನು ಇಸಿದುಕೊಂಡೆ. ಅಕ್ಕನ ಮುಖದ ಒಂದೇ ಪಕ್ಕ ನಕ್ಕಿತು. ಜೀರಿಗೆ ಅಕ್ಕನ ಪಕ್ಕಕ್ಕಿಟ್ಟಿದ್ದ ಬುಟ್ಟಿಯಿಂದ ಹುಲ್ಲಿನ ಒಂದು ಎಳೆಯನ್ನು ಎಳೆದು, ಉದ್ದಕ್ಕೂ ಅಗಿದು ಒಳಗೆ ತೆಗೆದುಕೊಂಡಿತು.

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೋಗಿ ಮೊಲದ ಚೀಟಿಗಳ ಕಟ್ಟನ್ನು ನೀರು ಕಾಯಿಸುವ ಒಲೆಗೆ ಹಾಕಿದೆ. ಎರಡು ಹೊಸ ಚೀಟಿ ತೆಗೆದು ಒಂದೇ ಮಾತನ್ನು ಬರೆದೆ. ರವೆ, ಮಾಳಮ್ಮನ ಮೊಲ, ಹನ್ನೊಂದು ವರ್ಷದ ಹಿಂದಿನ ತಾರೀಕು, ಅದು ಹೇಳಿದ ಮಾತು, ಕೆಳಗೆ ಇಂದಿನ ತಾರೀಕು, ನನ್ನ ಸಹಿ. ಒಂದನ್ನು ಫಣಿರಾಜರ ಮೇಜಿನ ಮೇಲೆ ಇಟ್ಟೆ. ಅವರು ಬಂದು ಓದಿದ ಮೇಲೆ ನನ್ನನ್ನು ಕರೆಸುತ್ತಾರೆ, ಏನು ಹೇಳುತ್ತಾರೆ ಎನ್ನುವುದೂ ನನಗೆ ಗೊತ್ತಿತ್ತು. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಗಿರಣಿಗೆ ನಡೆದೆ.

ಮಾಳಮ್ಮ ಚೀಟಿಯನ್ನು ಹಿಟ್ಟಿನ ಕೈಯಲ್ಲೇ ಇಸಿದುಕೊಂಡಳು. ಓದಿದಳು. ಹೋಗಿ ಗಿರಣಿಯನ್ನು ನಿಲ್ಲಿಸಿದಳು. ಕಲ್ಲುಗಳು ನಿಧಾನವಾಗಿ ತಿರುಗಿ ನಿಂತವು. ಧೂಳು ಇಳಿಯುವುದು ಕಾಣಿಸುತ್ತಿತ್ತು. ಅವಳು ಇನ್ನೊಂದು ಸಲ ಓದಿದಳು.

"ನಾನು ಬಾಗ್ಲ ಹೊರಗಿದ್ದೆ," ಎಂದಳು. "ಎಂಟು ಹೆಜ್ಜೆ ದೂರ." ನಾನು ತಪ್ಪಾಯಿತು ಎಂದೆ. ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಇಷ್ಟು ವರ್ಷ, ಹೋಗೋವಾಗ ನನ್ ಮೊಲ ಏನೂ ಬೇಕು ಅನ್ನಲಿಲ್ಲ ಅನ್ಕೊಂಡು ಸಮಾಧಾನ ಮಾಡ್ಕೊಂಡಿದ್ನಲ್ಲ ಸ್ವಾಮಿ. ಅದನ್ನೂ ಕಿತ್ಕೊಂಡ್ರಿ." ಹೊರಗೆ ಹೋಗುವುದೋ ನಿಲ್ಲುವುದೋ ತಿಳಿಯದೆ ನಿಂತೆ.

ಅವಳು ಮೂಲೆಯಲ್ಲಿದ್ದ ಹಿಂಡಾಲಿಯಂ ಬಟ್ಟಲಿನಿಂದ ಗಂಜಿ ತಂದಳು. ಹಳೆಯ ಚೀಟಿಯನ್ನು ಕೀಳಲಿಲ್ಲ. ಅದರ ಕೆಳಗೆ ಬಾಗಿಲಿನ ಧೂಳನ್ನು ಸೆರಗಿನಿಂದ ಒರೆಸಿ, ಗಂಜಿ ಸವರಿ, ಚೀಟಿ ಇಟ್ಟಳು. ಒಣಮರದ ಬಾಗಿಲು. ಅಂಚು ಮೇಲೇಳುತ್ತಿತ್ತು. ನನ್ನ ಕಡೆ ತಿರುಗದೆಯೇ, "ಬನ್ನಿ, ಒತ್ತಿ ಹಿಡ್ಕೊಳ್ಳಿ," ಎಂದಳು. ಹೋಗಿ ಅಂಗೈಯನ್ನು ಚೀಟಿಯ ಮೇಲೆ ಚಪ್ಪಟೆಯಾಗಿ ಇಟ್ಟೆ. ತಣ್ಣಗಿನ ಗಂಜಿ ಅಂಚುಗಳಿಂದ ಬೆರಳ ಸಂದಿಗೆ ಬಂತು.

ರಾಗಿ ಡಬ್ಬ ಹಿಡಿದ ಹೆಂಗಸೊಬ್ಬಳು ಬಂದು, ಚೀಟಿ ಬರೆಯುವವನು ಬಾಗಿಲಿಗೆ ಕೈ ಒತ್ತಿ ನಿಂತಿರುವುದನ್ನು ನೋಡಿ, ಡಬ್ಬ ಇಳಿಸಿ ಪಕ್ಕಕ್ಕೆ ನಿಂತಳು. ಮಾಳಮ್ಮ ಗಿರಣಿಯ ಪಟ್ಟಿ ಏರಿಸಲು ಒಳಗೆ ಹೋದಳು. ಕಲ್ಲುಗಳು ತಿರುಗತೊಡಗಿದವು, ಬಾಗಿಲು ನನ್ನ ಅಂಗೈಯ ಕೆಳಗೆ ನಡುಗಿತು. ಆ ಸದ್ದಿನ ಮೇಲೆ ಅವಳು ಒಳಗಿನಿಂದ ಕೂಗಿದಳು.

"ಅಂಟೋಗಂಟ ಕೈ ತೆಗೀಬೇಡಿ."

ನಾನು ತೆಗೆಯಲಿಲ್ಲ.